ಬೀಗಿತ್ತಿಗೆ ಊರು ತೋರಿಸಿದ್ದು

ಬೀಗಿತ್ತಿಯ ಬಸ್ಸು ಬರುವ ಹೊತ್ತಿಗೆ ಸರಸರಕ್ಕ ನಿಂತಲ್ಲೇ ತೂಕಡಿಸುತ್ತಿದ್ದಳು. ನಿಲ್ದಾಣದ ಕಂಬಕ್ಕೆ ಭುಜ ಆನಿಸಿ, ಕೈಚೀಲವನ್ನು ಎದೆಗೆ ಅವುಚಿಕೊಂಡು, ನಿಂತೇ ನಿದ್ದೆ ಕದಿಯುವ ವಿದ್ಯೆ ಅವಳಿಗೆ ಕೆಲಸ ಕಲಿಸಿದ್ದು. ಬೆಳಗಿನ ಮೊದಲ ಲಾಂಚಿಗೆ ಎದ್ದು ಹೋಗಿ, ಎರಡು ಸುತ್ತು ಮುಗಿಸಿ, ಉಳಿದದ್ದನ್ನು ಜೊತೆಗಾರ್ತಿಯ ತಲೆಗೆ ಕಟ್ಟಿ, ಮನೆಗೆ ಓಡಿ, ಮೈಮೇಲೆ ನಾಲ್ಕು ಚೊಂಬು ನೀರು ಸುರಿದುಕೊಂಡು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು, ಅದರ ಮೇಲೆ ಮಗಳ ಕೋಟು ತೊಟ್ಟು ಬಂದಿದ್ದಳು. ಕೋಟು ತೋಳಿನಲ್ಲಿ ಉದ್ದ, ಸೊಂಟದಲ್ಲಿ ಬಿಗಿ. ಜೋರಾಗಿ ಉಸಿರೆಳೆದರೆ ಗುಂಡಿ ಕಿತ್ತು ಬರುವಂತಿತ್ತು. ಆದ್ದರಿಂದ ಅವಳು ಉಸಿರನ್ನೂ ಹಿಡಿತದಲ್ಲೇ ಎಳೆದುಕೊಳ್ಳುತ್ತಿದ್ದಳು.

ಬೀಗಿತ್ತಿ ಎನ್ನುವುದೂ ಅವಸರದ ಮಾತೇ. ಮಾತುಕತೆ ಮುಗಿದಿರಲಿಲ್ಲ, ದಿನ ಗೊತ್ತಾಗಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಸರಸರಕ್ಕ ಮನಸ್ಸಿನೊಳಗೇ ಆ ಹೆಂಗಸಿಗೆ ಬೀಗಿತ್ತಿಯ ಪಟ್ಟ ಕಟ್ಟಿಬಿಟ್ಟಿದ್ದಳು. ಮಗಳು ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಮೂಗಿಗೆ ಫ್ರೇಮು ಹೊಂದಿಸುವವಳು. ಹುಡುಗ ಒಳನಾಡಿನ ಸಣ್ಣ ಊರಿನವನು. ಗಾಜು ಉಜ್ಜುವ ಕೆಲಸ ಕಲಿಯಲು ಆ ಅಂಗಡಿಗೆ ಬಂದವನು ಗಾಜಿನ ಜೊತೆಗೆ ಮಗಳ ಮನಸ್ಸನ್ನೂ ತಿದ್ದಿ ಹೊಳಪು ಮಾಡಿಟ್ಟು ಹೋಗಿದ್ದ. ಅಂಗಡಿಯವರು ಇಲ್ಲೇ ಕಾಯಂ ಕೆಲಸ ಕೊಡುತ್ತೇವೆ ಎಂದಿದ್ದರು. ಹುಡುಗನಿಗೂ ಮನಸ್ಸಿತ್ತು. ಆದರೆ ಅವನು ಅಮ್ಮ ಹೂಂ ಅನ್ನದೆ ನೀರೂ ಕುಡಿಯದ ಪೈಕಿ. ಆ ಅಮ್ಮ ಹೇಳಿ ಕಳಿಸಿದ್ದಳು: ಮಗ ಹೋಗಿ ನೆಲೆಸುವ ಊರನ್ನು ತಾನು ಕಣ್ಣಾರೆ ನೋಡಬೇಕು, ಹುಡುಗಿಯ ತಾಯಿಯ ಜೊತೆ ಒಂದು ದಿನ ಓಡಾಡಬೇಕು, ಆಮೇಲೆ ಉಳಿದ ಮಾತು.

ಸರಸರಕ್ಕನಿಗೆ ಈ ಪ್ರಪಂಚದಲ್ಲಿ ಬೇಕಾಗಿದ್ದದ್ದು ಒಂದೇ. ಮಗಳು ಊರಲ್ಲೇ ಉಳಿಯಬೇಕು. ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಗಂಡ, ಮಗು ಅಂಬೆಗಾಲಿಡುವಾಗಲೇ ಕೆಮ್ಮಿ ಕೆಮ್ಮಿ ಹೋಗಿದ್ದ. ಅಂದಿನಿಂದ ಗೋದಾಮುಗಳ ಹಿಂದಿನ ಬೀದಿಯ ಎರಡು ಕೋಣೆಗಳಲ್ಲಿ ತಾಯಿ ಮಗಳು ಇಬ್ಬರೇ. ಈಗ ಮೇಲಿನ ಕೋಣೆಯಲ್ಲಿದ್ದ ರೇಡಿಯೊ ರಿಪೇರಿಯ ಮುದುಕ ತಂಗಿಯ ಮನೆಗೆ ಹೊರಟಿದ್ದ. ಆ ಕೋಣೆಯನ್ನು ಬೇರೆ ಯಾರಿಗೂ ಕೊಡಬೇಡಿ ಎಂದು ಅವಳು ಮನೆಯೊಡೆಯನಿಗೆ ಹೇಳಿಟ್ಟಾಗಿತ್ತು. ಮೇಲೆ ಮಗಳು ಅಳಿಯ, ಕೆಳಗೆ ತಾನು. ಮಗಳು ಓಡಾಡಿದರೆ ತಲೆಯ ಮೇಲೆ ಹೆಜ್ಜೆ ಸದ್ದು ಕೇಳಬೇಕು. ಇಷ್ಟಕ್ಕಿಂತ ದೊಡ್ಡ ಆಸೆ ಅವಳಿಗಿರಲಿಲ್ಲ, ಇಷ್ಟನ್ನು ಬಿಟ್ಟುಕೊಡುವ ಮನಸ್ಸೂ ಇರಲಿಲ್ಲ.

ಸರಸರಕ್ಕ ಎನ್ನುವುದು ಲಾಂಚಿನವರು ಇಟ್ಟ ಹೆಸರು. ಸರೋವರದ ಈ ದಡದಿಂದ ಆ ದಡಕ್ಕೆ ದಿನವಿಡೀ ಜನರನ್ನು ಸಾಗಿಸುವ ಲಾಂಚುಗಳಲ್ಲಿ ಅವಳು ಕಸ ತೆಗೆಯುವವಳು. ದಡ ಮುಟ್ಟಿದ ಲಾಂಚು ಮತ್ತೆ ಹೊರಡುವುದರೊಳಗೆ ಮೇಲಿನ ಅಂತಸ್ತು, ಕೆಳಗಿನ ಅಂತಸ್ತು ಎರಡೂ ಚೊಕ್ಕಟವಾಗಬೇಕು. ಎಲ್ಲರೂ ಇಳಿಯಲಿ, ಆಮೇಲೆ ಶುರುಮಾಡೋಣ ಎಂದು ಕಾದರೆ ಹತ್ತುವವರು ಆಗಲೇ ಗೇಟು ತಳ್ಳುತ್ತಿರುತ್ತಾರೆ. ಅದಕ್ಕೇ ಲಾಂಚು ಬಂದರಿನ ಕಲ್ಲುಗೋಡೆ ದಾಟಿ ಇಂಜಿನ್ನಿನ ಸದ್ದು ತಗ್ಗಿದ ಕೂಡಲೇ ಅವಳು ಹಿಂದಿನ ಸಾಲಿನಿಂದ ಶುರು ಹಚ್ಚುತ್ತಾಳೆ. ಕುಳಿತವರ ಕಾಲಬುಡದಲ್ಲೇ ಬಗ್ಗಿ, ಲೋಟದೊಳಗೆ ಲೋಟ ಸೇರಿಸುತ್ತಾ, ಬಾಟಲಿ ಬೇರೆ ಕಾಗದ ಬೇರೆ ಮಾಡುತ್ತಾ, "ಸ್ವಲ್ಪ ಕಾಲೆತ್ತಿ" ಎನ್ನುತ್ತಾ ಸಾಲಿನಿಂದ ಸಾಲಿಗೆ ಬರುತ್ತಾಳೆ. ಜನ ಅವಳ ಮುಖ ನೋಡುವುದಿಲ್ಲ, ಕಾಲು ಮಾತ್ರ ಎತ್ತುತ್ತಾರೆ. ಕೆಲಸದವರು ಪ್ರಯಾಣಿಕರ ಆಸನದಲ್ಲಿ ಕೂರುವಂತಿಲ್ಲ ಎಂಬುದು ಕಂಪನಿಯ ಕಟ್ಟಳೆ. ಹಾಗಾಗಿ ಇಷ್ಟು ವರ್ಷ ನೀರಿನ ಮೇಲೆಯೇ ಬದುಕಿದವಳು ಒಂದು ದಿನವೂ ಕೂತು ನೀರು ನೋಡಿದವಳಲ್ಲ.

ಹಿಂದಿನ ದಿನ ಸಂಜೆ ಊಟಕ್ಕೆ ಕೂತಾಗ ಮಗಳು ತಟ್ಟೆಯಲ್ಲಿ ಬೆರಳಾಡಿಸುತ್ತಾ ಶುರುಮಾಡಿದ್ದಳು.

"ಅಮ್ಮ, ಒಂದು ಮಾತು. ಬೈಬಾರದು."

"ಬೈಯೋಕೂ ಮೈಯಲ್ಲಿ ಶಕ್ತಿ ಬೇಕಲ್ಲೇ. ಹೇಳು."

"ಅವರ ಊರಿಗೆ ಹೋಗಿದ್ನಲ್ಲ, ಆಗ ಅವರ ಅಮ್ಮಂಗೆ ನೀನು ಬಂದರಿನ ಆಫೀಸಲ್ಲಿದ್ದೀಯ ಅಂತ ಹೇಳಿದ್ದೀನಿ."

ಸರಸರಕ್ಕ ತುತ್ತನ್ನು ಕೈಯಲ್ಲೇ ಹಿಡಿದು ಮಗಳನ್ನು ನೋಡಿದಳು. "ಆಫೀಸಲ್ಲಿ ಏನು ಮಾಡ್ತೀನಂತೆ?"

"ಅದೆಲ್ಲ ಹೇಳಿಲ್ಲ. ಆಫೀಸು ಅಂದೆ, ಅಷ್ಟೇ."

"ಆಫೀಸಲ್ಲಿ ಕಸ ಗುಡಿಸ್ತಾಳೆ ಅಂದಿದ್ರೂ ಅರ್ಧ ನಿಜ ಆಗಿರೋದು."

"ಅಮ್ಮ! ಒಂದೇ ಒಂದು ದಿನ. ಮದುವೆ ಆದ್ಮೇಲೆ ನಾನೇ ನಿಧಾನವಾಗಿ ಹೇಳ್ತೀನಿ. ಅವರು ಏನಂದ್ಕೋತಾರೋ ಅಂತ ಬಾಯಿಗೆ ಬಂದ್ಬಿಡ್ತು."

ಸರಸರಕ್ಕನಿಗೆ ಎದೆಯಲ್ಲಿ ಚುರುಕ್ ಎಂದಿತು. ಈ ಕಸದಿಂದಲೇ ಬೆಳೆದವಳು, ಈ ಕಸದಿಂದಲೇ ಓದಿದವಳು, ಅದನ್ನು ಬಾಯಿಬಿಟ್ಟು ಹೇಳಲು ಇಷ್ಟು ಸಂಕಟವೇ ಎನಿಸಿತು. ಆದರೆ ನೊಂದುಕೊಳ್ಳುವುದಕ್ಕೂ ಪುರುಸೊತ್ತು ಬೇಕು. ಬೆಳಗಿನ ಲಾಂಚಿಗೆ ಏಳಬೇಕಾದವಳು ರಾತ್ರಿಯೆಲ್ಲ ಕೂತು ಕಣ್ಣೀರು ಹಾಕಿದರೆ ಆಗುತ್ತದೆಯೆ? "ಆಯ್ತು, ಆಫೀಸು ಅಂದ್ರೆ ಆಫೀಸು" ಎಂದು ತಟ್ಟೆ ತೊಳೆದಿಟ್ಟು ಮಲಗಿದಳು.

ಬಸ್ಸಿನಿಂದ ಇಳಿದ ಬೀಗಿತ್ತಿ ಕುಳ್ಳಗೆ ಗಟ್ಟಿಮುಟ್ಟಾದ ಹೆಂಗಸು. ಮೂಗಿನ ಮೇಲೆ ದಪ್ಪ ಕನ್ನಡಕ, ಕೈಯಲ್ಲಿ ತಾನೇ ಹೊಲಿದ ಚೀಲ. ಊರಲ್ಲಿ ಹೊಲಿಗೆ ಅಂಗಡಿ ನಡೆಸುವವಳು. ಯಾರನ್ನು ಕಂಡರೂ ಮೊದಲು ಅಳತೆ ತೆಗೆಯುವ ಕಣ್ಣು. ಸರಸರಕ್ಕನ ಕೋಟನ್ನು ಭುಜದಿಂದ ಅಂಚಿನವರೆಗೆ ಒಮ್ಮೆ ನೋಡಿದಳು.

"ಇದು ನಿಮ್ಮ ಅಳತೆ ಅಲ್ಲ."

"ಮಗಳದ್ದು" ಎಂದಳು ಸರಸರಕ್ಕ. ನಿಜ ಹೇಳಿದ ಸಮಾಧಾನ ಒಂದಾದರೂ ಸಿಕ್ಕಿತು.

"ನನ್ನ ಯಜಮಾನರನ್ನೂ ಕರಕೊಂಡು ಬರೋಣ ಅಂದ್ಕೊಂಡೆ. ಆದ್ರೆ ಅವರು ನಮ್ಮ ಬೀದಿ ದಾಟಿದ್ರೆ ಮನೆಗೆ ವಾಪಸ್ ಬರೋ ದಾರಿ ಮರೆತುಬಿಡ್ತಾರೆ. ನೀವೇ ತೋರಿಸಿ ನಿಮ್ಮ ಊರು. ನಿಮಗೇನು, ಬೆರಳ ತುದೀಲಿರುತ್ತೆ."

ಅಲ್ಲೇ ಇದ್ದದ್ದು ಎಡವಟ್ಟು. ನೋಡಲು ಬರುವವರ ಊರು ಬೇರೆ, ದುಡಿಯುವವರ ಊರು ಬೇರೆ. ಸರಸರಕ್ಕನಿಗೆ ಗೊತ್ತಿದ್ದ ಊರೆಂದರೆ ಮನೆಯಿಂದ ಲಾಂಚು ನಿಲ್ಲುವ ಧಕ್ಕೆ, ಧಕ್ಕೆಯಿಂದ ಮನೆ. ನಡುವೆ ಸೋಪಿನ ಪುಡಿ ಸಿಗುವ ಅಂಗಡಿ, ಕಾಲಿಗೆ ಪಟ್ಟಿ ಕಟ್ಟುವ ದವಾಖಾನೆ, ಹಳೆ ಬಾಟಲಿ ಕೊಳ್ಳುವ ಗಲ್ಲಿ. ಬಂದವರು ಪಟ ತೆಗೆಸಿಕೊಳ್ಳುವ ಜಾಗಗಳ ಹೆಸರನ್ನು ಲಾಂಚಿನ ಧ್ವನಿವರ್ಧಕದಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿತ್ತೇ ಹೊರತು ಒಂದಕ್ಕೂ ಅವಳ ಕಾಲು ತಾಗಿರಲಿಲ್ಲ.

ಮೊದಲು ನೀರಿನ ದಂಡೆಗೆ ಕರೆದೊಯ್ದಳು. ಆಚೆ ದಡ ಕಾಣದ ನೀರನ್ನು ನೋಡಿ ಬೀಗಿತ್ತಿ ನಿಂತೇಬಿಟ್ಟಳು.

"ಕೆರೆ ಅಂದಿದ್ನಲ್ಲ ನನ್ನ ಮಗ. ಇದಕ್ಕೆ ಕೆರೆ ಅಂತಾರಾ?"

"ಕೆರೆ ಅಂದ್ರೆ ಇಲ್ಲಿನವರಿಗೆ ಕೋಪ, ಸಮುದ್ರ ಅಂದ್ರೆ ನಗು. ನಾವು ಸುಮ್ನೆ ನೀರು ಅಂತೀವಿ."

ಬೀಗಿತ್ತಿ ಮೆಟ್ಟಿಲಿಳಿದು, ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ತಾಗಿಸಿ, "ಉಪ್ಪಿಲ್ಲ!" ಎಂದು ಕೂಗಿದಳು. ಎರಡು ಹಡಗುಗಳ ಎಣ್ಣೆ ಅಲ್ಲೇ ತೇಲುತ್ತಿದ್ದುದನ್ನು ಕಂಡಿದ್ದ ಸರಸರಕ್ಕ ಮುಖ ಕಿವುಚಿದಳು. ಆದರೂ ಬಂದವಳ ಮುಖದ ಖುಷಿ ನೋಡಿ ಅವಳಿಗೂ ಒಂದು ಗಳಿಗೆ ಆಯಾಸ ಮರೆಯಿತು.

ದೀಪಸ್ತಂಭ ನೋಡಬೇಕೆಂದಳು ಬೀಗಿತ್ತಿ. ಕಣ್ಣಿಗೆ ಕಾಣುತ್ತದೆ, ಆದರೆ ಹೋಗುವ ದಾರಿ ಯಾವುದು? ಗೋದಾಮಿನ ಸಂದಿಯಲ್ಲಿ ನುಗ್ಗಿ, ಸರಪಳಿ ಕಟ್ಟಿದ ಗೇಟಿನ ಮುಂದೆ ನಿಂತು, ವಾಪಸಾಗಿ, ಕೊನೆಗೆ ಸರಸರಕ್ಕ ಕೈಯಲ್ಲಿ ನಕ್ಷೆ ಹಿಡಿದಿದ್ದ ಒಬ್ಬ ಪರವೂರಿನವನನ್ನೇ ದಾರಿ ಕೇಳಿದಳು. ಅವನು ಮರ್ಯಾದೆಯಿಂದ ತೋರಿಸಿದ.

"ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಇದಕ್ಕೇ ಇರ್ಬೇಕು" ಎಂದು ಬೀಗಿತ್ತಿ ನಕ್ಕಳು. ಸರಸರಕ್ಕನೂ ನಕ್ಕಳು. ಮೇಲಕ್ಕೆ ಹತ್ತುವ ಮೆಟ್ಟಿಲುಗಳಲ್ಲಿ ಅವಳ ಮೊಣಕಾಲು ಕಟಕಟ ಎನ್ನುತ್ತಿತ್ತು. ಅರ್ಧದಲ್ಲಿ ಬೀಗಿತ್ತಿಯೇ ಅವಳ ತೋಳು ಹಿಡಿದು ಎಳೆದುಕೊಂಡಳು. ಬಂದ ನೆಂಟರು ಮನೆಯವರನ್ನು ಹೊತ್ತು ನಡೆಯುವಂತಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಮೇಲಿನಿಂದ ಇಡೀ ಬಂದರು ಕಾಣುತ್ತಿತ್ತು. ಧಾನ್ಯದ ಎತ್ತರದ ಕಣಜಗಳು, ಕಬ್ಬಿಣದ ಕ್ರೇನುಗಳು, ತುಕ್ಕು ಬಣ್ಣದ ಸರಕು ಹಡಗುಗಳು, ಅವುಗಳ ನಡುವೆ ಸಣ್ಣದಾಗಿ ಓಡಾಡುವ ಬಿಳಿ ಲಾಂಚುಗಳು. "ನಿಮ್ಮ ಆಫೀಸು ಎಲ್ಲಿದೆ?" ಎಂದು ಬೀಗಿತ್ತಿ ಕೇಳಿದಳು. ಸರಸರಕ್ಕ ಕಣ್ಣಿಗೆ ಬಿದ್ದ ಮೊದಲ ದೊಡ್ಡ ಕಟ್ಟಡಕ್ಕೆ ಬೆರಳು ತೋರಿಸಿದಳು. ಸರಿಯಾಗಿ ಆಗಲೇ ಅದರ ಬಾಗಿಲು ತೆರೆದು ಇಬ್ಬರು ಆಳುಗಳು ಮೀನಿನ ಪೆಟ್ಟಿಗೆಗಳನ್ನು ತಳ್ಳುಗಾಡಿಯಲ್ಲಿ ಹೊರಗೆ ತಂದರು.

"ನಿಮ್ಮ ಆಫೀಸಿಂದ ಮೀನು ಬರ್ತಾ ಇದೆ" ಎಂದಳು ಬೀಗಿತ್ತಿ.

"ಅದು... ಹಿಂದಿನ ಬಾಗಿಲು."

ಬೀಗಿತ್ತಿ ಕನ್ನಡಕ ಒರೆಸಿಕೊಂಡಳು.

ಮಧ್ಯಾಹ್ನ ದಂಡೆಯ ಬೆಂಚಿನ ಮೇಲೆ ಕೂತು ಬನ್ನು ತಿಂದು ಚಹಾ ಕುಡಿದರು. ಬೀಗಿತ್ತಿ ಮಾತಿನ ಮಲ್ಲಿ. ಮಗ ಹುಟ್ಟಿದ್ದು, ಬೆಳೆದದ್ದು, ಚಿಕ್ಕಂದಿನಲ್ಲಿ ಅವಳ ಕತ್ತರಿಯಿಂದ ತನ್ನ ತಲೆಗೂದಲನ್ನೇ ಕತ್ತರಿಸಿಕೊಂಡದ್ದು, ಎಲ್ಲವೂ ಬಂತು. ಸರಸರಕ್ಕ ತನ್ನ ಕೈಗಳನ್ನು ಉದ್ದ ತೋಳಿನೊಳಗೆ ಎಳೆದುಕೊಂಡು ಹೂಂಗುಟ್ಟಿದಳು. ಸೋಡಾಪುಡಿಯ ನೀರು ತಿಂದು ಒಡೆದ ಬೆರಳುಗಳು, ಎಷ್ಟು ಎಣ್ಣೆ ಹಚ್ಚಿದರೂ ಅವು ಯಾವ ಆಫೀಸಿನ ಬೆರಳುಗಳೂ ಆಗುವಂತಿರಲಿಲ್ಲ. ಕಣ್ಣಿನ ರೆಪ್ಪೆ ಎಳೆಯುತ್ತಿತ್ತು. ಮಗಳ ಬೂಟು ಹಿಮ್ಮಡಿಯನ್ನು ಕಚ್ಚುತ್ತಿತ್ತು. ಸಂಜೆ ಯಾವಾಗ ಆದೀತು, ಈ ಮುಖದ ಮೇಲಿನ ನಗುವನ್ನು ಬಿಚ್ಚಿ ಗೂಟಕ್ಕೆ ತಗುಲಿಹಾಕುವುದು ಯಾವಾಗ ಎಂದು ಅವಳು ಕಾಯುತ್ತಿದ್ದಳು.

ಆಗ ಬೀಗಿತ್ತಿ ತಾನಾಗಿಯೇ ಹೇಳಿದಳು. "ನೋಡಿ, ಊರು ನನಗೆ ಹಿಡಿಸ್ತು. ಗಾಳಿ ಇದೆ, ನೀರಿದೆ, ಕೆಲಸ ಇದೆ. ನನ್ನ ಮಗ ಇಲ್ಲಿಗೇ ಬರ್ಲಿ ಅನ್ನಿಸ್ತಿದೆ. ನಮ್ಮ ಊರಲ್ಲಿ ಕನ್ನಡಕ ಹಾಕ್ಕೊಳ್ಳೋಳು ನಾನೊಬ್ಳೇ."

ಮೇಲಿನ ಕೋಣೆಗೆ ಸುಣ್ಣ ಹೊಡೆಸಬೇಕು ಎಂಬುದೊಂದೇ ಸರಸರಕ್ಕನ ತಲೆಯಲ್ಲಿ ಓಡಿತು. "ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು" ಎಂದಳು.

ಅಲ್ಲಿಗೆ ಮುಗಿಸಿ ಬಸ್ಸು ಹತ್ತಿಸಿದ್ದರೆ ಈ ಕತೆ ಹೇಳುವ ಕೆಲಸವೇ ಇರುತ್ತಿರಲಿಲ್ಲ. ಆದರೆ ಬೀಗಿತ್ತಿಗೆ ನೀರಿನ ಮೇಲೊಂದು ಸುತ್ತು ಬೇಕಿತ್ತು. ಇಷ್ಟು ದೂರ ಬಂದು ದಂಡೆಯಲ್ಲೇ ಕೂತು ಹೋದರೆ ಅಂಗಡಿಗೆ ಬರುವ ಹೆಂಗಸರಿಗೆ ಏನೆಂದು ಹೇಳುವುದು ಎನ್ನುವುದು ಅವಳ ವಾದ. ಸರಸರಕ್ಕ ಯೋಚಿಸಿದಳು. ತನ್ನ ಕಂಪನಿಯ ಲಾಂಚು ಹತ್ತಿದರೆ ಚುಕ್ಕಾಣಿಯವನಿಂದ ಹಿಡಿದು ಹಗ್ಗ ಎಸೆಯುವವನವರೆಗೆ ಎಲ್ಲರೂ ಸರಸರಕ್ಕ ಸರಸರಕ್ಕ ಎಂದು ಮುತ್ತಿಕೊಳ್ಳುತ್ತಾರೆ. ಅದಕ್ಕೇ ಇನ್ನೊಂದು ಕಂಪನಿಯ, ಬಂದವರಿಗೆಂದೇ ಓಡಿಸುವ ಸುತ್ತಾಟದ ಬೋಟಿಗೆ ಟಿಕೆಟ್ಟು ಕೊಂಡಳು. ತನ್ನ ಜಾಣತನಕ್ಕೆ ತಾನೇ ತಲೆದೂಗಿದಳು.

ಬೋಟಿನಲ್ಲಿ ಮೆತ್ತೆಯ ಆಸನ. ಸರಸರಕ್ಕ ಹೆದರಿ ಹೆದರಿ ಅದರ ತುದಿಯಲ್ಲಿ ಕೂತಳು, ಆಮೇಲೆ ಬೆನ್ನು ಆನಿಸಿದಳು. ಯಾರೂ ಏಳು ಎನ್ನಲಿಲ್ಲ. ಬಿಸಿಲು ಬೆಚ್ಚಗಿತ್ತು. ಬೋಟು ಬಂದರಿನ ಬಾಯಿ ದಾಟಿ ತೆರೆದ ನೀರಿಗೆ ಬಂತು. ಕುಳಿತು ನೋಡಿದರೆ ನೀರು ಇಷ್ಟು ಅಗಲವೇ ಎಂದು ಅವಳಿಗೆ ಬೆರಗಾಯಿತು. ಬಗ್ಗಿದವಳಿಗೆ ಇಷ್ಟು ವರ್ಷ ಕಂಡದ್ದು ಬೆಂಚಿನ ಕಾಲು ಮತ್ತು ಜನರ ಕಾಲು. ಬೀಗಿತ್ತಿ ಪಕ್ಕದಲ್ಲಿ ಅದೇನು, ಇದೇನು ಎಂದು ಕೇಳುತ್ತಲೇ ಇದ್ದಳು. ಉತ್ತರ ಕೊಡುತ್ತಾ ಕೊಡುತ್ತಾ ಸರಸರಕ್ಕನ ಗಲ್ಲ ಎದೆಗೆ ಇಳಿಯಿತು. ಬೀಗಿತ್ತಿ ಅವಳನ್ನು ಎಬ್ಬಿಸದೆ ಹಗುರಾಗಿ ಎದ್ದು, ಚೆನ್ನಾಗಿ ಕಾಣಲಿ ಎಂದು ಮುಂದಿನ ಸಾಲಿಗೆ ಹೋಗಿ ಕೂತಳು.

ಎಷ್ಟು ಹೊತ್ತಾಯಿತೋ. ಬೋಟು ತಿರುಗಿ ಬಂದು ಕಲ್ಲುಗೋಡೆ ದಾಟಿತು, ಇಂಜಿನ್ನಿನ ಸದ್ದು ತಗ್ಗಿತು.

ಸರಸರಕ್ಕ ಎದ್ದಳು. ಎದ್ದದ್ದು ಅವಳಲ್ಲ, ಅವಳ ಕಾಲು, ಅವಳ ಸೊಂಟ. ಮನಸ್ಸು ಇನ್ನೂ ನಿದ್ದೆಯಲ್ಲೇ ಇತ್ತು. ನೇರ ಹಿಂದಿನ ಸಾಲಿಗೆ ಹೋದಳು. ಬೆಂಚಿನ ಕೆಳಗೆ ಬಗ್ಗಿದಳು. ಲೋಟದೊಳಗೆ ಲೋಟ, ಬಾಟಲಿ ಬೇರೆ, ಕಾಗದ ಬೇರೆ. ಕೋಟಿನ ಗುಂಡಿಯೊಂದು ಪಟ್ಟೆಂದು ಹಾರಿ ಎಲ್ಲೋ ಉರುಳಿತು, ಅವಳು ಅದನ್ನೂ ಹೆಕ್ಕಿ ಕಸದ ಜೊತೆ ಹಾಕಿದಳು. "ಸ್ವಲ್ಪ ಕಾಲೆತ್ತಿ" ಎಂದಳು. ಕಾಲುಗಳು ಎದ್ದವು. ಮುಂದಿನ ಸಾಲು. "ಸ್ವಲ್ಪ ಕಾಲೆತ್ತಿ." ಮತ್ತೂ ಮುಂದಿನ ಸಾಲು. ಗಟ್ಟಿ ಹೊಲಿಗೆಯ ಕಂದು ಬೂಟುಗಳ ಪಕ್ಕ ಒಂದು ಕಾಗದದ ಲೋಟ ಬಿದ್ದಿತ್ತು. "ಸ್ವಲ್ಪ ಕಾಲೆತ್ತಿ."

ಬೀಗಿತ್ತಿ ಎರಡೂ ಕಾಲುಗಳನ್ನು ಎತ್ತಿದಳು.

ಸರಸರಕ್ಕ ಲೋಟ ತೆಗೆದುಕೊಂಡಳು. ಬೆಳಗಿನಿಂದ ಪಕ್ಕದಲ್ಲೇ ನಡೆದ ಬೂಟುಗಳಲ್ಲವೇ ಇವು ಎಂದು ಆಗ ಹೊಳೆಯಿತು. ತಲೆಯೆತ್ತಿದಳು. ದಪ್ಪ ಕನ್ನಡಕದ ಹಿಂದಿನ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಮಾತಾಡಲು ಬಾಯಿ ಬರುವ ಮುಂಚೆಯೇ ಆ ಬೋಟಿನ ಕಸ ತೆಗೆಯುವವಳು, ಕೈಯಲ್ಲಿ ಖಾಲಿ ಚೀಲ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದವಳು, ಗೊಳ್ಳೆಂದು ನಕ್ಕಳು.

"ಅಯ್ಯೋ ಸರಸರಕ್ಕ! ನಿಮ್ಮ ಲಾಂಚಲ್ಲಿ ಕಸ ಸಾಲ್ದು ಅಂತ ನಮ್ಮ ಹೊಟ್ಟೆ ಮೇಲೂ ಹೊಡೆಯೋಕೆ ಬಂದ್ಯಾ?"

ಸುತ್ತಲಿದ್ದ ನಾಲ್ಕು ಜನರೂ ನಕ್ಕರು. ಬೀಗಿತ್ತಿ ನಗಲಿಲ್ಲ. ಕಾಲುಗಳನ್ನು ಮೆಲ್ಲಗೆ ಕೆಳಗಿಳಿಸಿದಳು.

ಧಕ್ಕೆಯ ಮೇಲೆ ಹಗ್ಗ ಕಟ್ಟುವ ಗೂಟಗಳ ಪಕ್ಕ ಒಂದು ಬೆಂಚಿತ್ತು. ಇಬ್ಬರೂ ಅಲ್ಲಿ ಕೂತರು. ಸರಸರಕ್ಕನ ಕೈಯಲ್ಲಿ ಇನ್ನೂ ಲೋಟಗಳ ಅಡಕಲು ಇತ್ತು. ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಳು.

"ಇದೇನಾ ನಿಮ್ಮ ಕೆಲಸ?" ಬೀಗಿತ್ತಿ ಕೇಳಿದಳು.

"ಹೂಂ."

"ಮೀನಿನ ಕಟ್ಟಡ ತೋರಿಸಿದಾಗ್ಲೇ ನನಗೆ ಏನೋ ಇದೆ ಅನ್ನಿಸ್ತು. ನೋಡಿ, ಕೆಲಸದ ಬಗ್ಗೆ ನನ್ನದೇನೂ ತಕರಾರಿಲ್ಲ. ನಾನೂ ಊರವರ ಹರಕು ಬಟ್ಟೆಗೆ ತೇಪೆ ಹಾಕಿ ಸಂಸಾರ ತೂಗಿಸಿದವಳೇ. ಕಸ ತೆಗೆಯೋರಿಲ್ದೆ ಇದ್ರೆ ಊರು ಎಲ್ಲಿರುತ್ತೆ? ಆದ್ರೆ ನಿಮ್ಮ ಮಗಳು ನನ್ನೆದುರು ಕೂತು, ನನ್ನ ಕೈ ಹಿಡ್ಕೊಂಡು ಆಫೀಸು ಅಂದ್ಲು. ಹೆತ್ತ ತಾಯಿನೇ ಮುಚ್ಚಿಟ್ಟ ಹುಡುಗಿ ನಾಳೆ ಅತ್ತೇನ ಎಲ್ಲಿ ಮುಚ್ಚಿಡ್ತಾಳೆ? ನನ್ನ ತೇಪೆ ಅಂಗಡೀನ ಯಾವ ಅರಮನೆ ಅಂತ ಹೇಳ್ತಾಳೆ? ಬೇಡಮ್ಮ. ಇಂಥ ಹುಡುಗಿ ನನ್ನ ಮಗಂಗೆ ಬೇಡ."

ಬೀಗಿತ್ತಿ ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಹಿಂದಿನ ಸಂಜೆಯಿಂದ ಸರಸರಕ್ಕ ತನಗೆ ತಾನೇ ಹೇಳಿಕೊಳ್ಳದೆ ಇಟ್ಟುಕೊಂಡಿದ್ದ ಮಾತೇ ಅದು. ಯಾರೋ ತನ್ನ ಪರವಾಗಿ ನೊಂದುಕೊಂಡರಲ್ಲ ಎಂದು ಅವಳಿಗೆ ಅಳು ಬಂತು. ಈ ಹೆಂಗಸಿನ ಭುಜದ ಮೇಲೆ ತಲೆಯಿಟ್ಟು, ಹೌದಮ್ಮ, ಬಹಳ ನೋವಾಯಿತು ಎಂದು ಹೇಳಿಬಿಡಬೇಕು ಎನಿಸಿತು. ಹೇಳಿದರೆ ಮಗಳ ಮದುವೆ ಮುರಿಯುತ್ತದೆ. ಮದುವೆ ಮುರಿದರೆ ಮಗಳು ಊರಲ್ಲೇ ಉಳಿಯುತ್ತಾಳೆ, ತನ್ನ ಜೊತೆಯಲ್ಲೇ ಉಳಿಯುತ್ತಾಳೆ. ಆ ಯೋಚನೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಅವಳಲ್ಲ" ಎಂದಳು. "ಹೇಳಿಸಿದ್ದು ನಾನು."

ಬೀಗಿತ್ತಿ ತಿರುಗಿ ನೋಡಿದಳು.

"ಅವಳು ನಿಜಾನೇ ಹೇಳ್ತೀನಿ ಅಂತ ಹಟ ಹಿಡಿದಿದ್ಲು. ನಾನೇ ಬಾಯಿಗೆ ಬೀಗ ಹಾಕಿದೆ. ಆಣೆ ಹಾಕಿಸ್ಕೊಂಡೆ. ನಿಮ್ಮ ಮುಂದೆ ನನಗೆ ದೊಡ್ಡಸ್ತಿಕೆ ಬೇಕಾಗಿತ್ತು. ಜನ ಕಾಲೆತ್ತೋದನ್ನೇ ನೋಡಿ ನೋಡಿ ಸಾಕಾಗಿತ್ತು, ಒಂದಿನ ಆಫೀಸಿನೋಳು ಅನ್ನಿಸ್ಕೋಬೇಕು ಅಂತ ಆಸೆ. ಹುಡುಗಿದು ಏನೂ ತಪ್ಪಿಲ್ಲ. ನಿನ್ನೆ ಕೂಡ ಬೇಡಮ್ಮ, ಬೇಡಮ್ಮ ಅಂತ ಅತ್ಲು."

ಬೆಳಗಿನಿಂದ ಒಂದು ಕಟ್ಟಡದ ಬಗ್ಗೆ ನೆಟ್ಟಗೆ ಸುಳ್ಳು ಹೇಳಲು ಬಾರದವಳ ಬಾಯಲ್ಲಿ ಈ ಸುಳ್ಳು ನೀರು ಹರಿದಂತೆ ಹರಿಯಿತು. ಬೀಗಿತ್ತಿ ಅಳತೆ ತೆಗೆಯುವಂತೆ ಅವಳ ಮುಖ ನೋಡಿದಳು. ಕೊನೆಗೆ ನಿಟ್ಟುಸಿರಿಟ್ಟಳು, ನಂಬಿದಳು. ನಂಬಬೇಕೆಂದು ಅವಳಿಗೂ ಇತ್ತು, ಮಗನ ಮುಖ ಅವಳ ಕಣ್ಣೆದುರೂ ಇತ್ತಲ್ಲ.

"ಹಾಗಾದ್ರೆ ಹುಡುಗಿ ಮೇಲೆ ನನಗೆ ಬೇಜಾರಿಲ್ಲ. ಪಾಪ, ತಾಯಿ ಮಾತು ಮೀರೋಕಾಗ್ದೆ ಹೇಳಿದಾಳೆ. ಮದುವೆ ಆಗ್ಲಿ."

ಸರಸರಕ್ಕ ಕಣ್ಣು ಮುಚ್ಚಿಕೊಂಡಳು.

"ಆದ್ರೆ ಒಂದು ಮಾತು, ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ, ತಪ್ಪು ತಿಳೀಬೇಡಿ. ನನ್ನ ಮಗ ಇಲ್ಲಿಗೆ ಬರೋದು ಬೇಡ. ಮಗಳಿಗೇ ಸುಳ್ಳು ಹೇಳಿಕೊಡೋ ತಾಯಿ ಮಗ್ಗುಲಲ್ಲಿ ಹೊಸ ಸಂಸಾರ ಬೇಡ. ಹುಡುಗಿ ನಮ್ಮ ಊರಿಗೇ ಬರ್ಲಿ, ನನ್ನ ಕಣ್ಣಳತೇಲಿರ್ಲಿ. ನೀವು ವರ್ಷಕ್ಕೊಂದು ಸಲ ಬಂದು ಹೋಗಿ, ಬೇಡ ಅನ್ನೋಳಲ್ಲ ನಾನು."

ಅತ್ತ ದರಿ ಇತ್ತ ಪುಲಿ. ಈಗಲೂ ತಡವಾಗಿರಲಿಲ್ಲ. ಬಾಯಿ ಬಿಟ್ಟರೆ ಸಾಕಿತ್ತು. ಧಕ್ಕೆಗೆ ಅವಳ ಕಂಪನಿಯ ಲಾಂಚು ಬಂದು ತಾಗಿತು, ಜೊತೆಗಾರ್ತಿ ಒಬ್ಬಳೇ ಎರಡೂ ಅಂತಸ್ತಿಗೆ ಓಡುತ್ತಿದ್ದುದು ಇಲ್ಲಿಂದಲೇ ಕಾಣುತ್ತಿತ್ತು. ಸರಸರಕ್ಕ ಅದನ್ನು ನೋಡುತ್ತಾ, "ಆಗ್ಲಿ, ನೀವು ಹೇಳಿದ ಹಾಗೇ ಆಗ್ಲಿ" ಎಂದಳು.

ಬಸ್ಸು ಹತ್ತುವಾಗ ಬೀಗಿತ್ತಿ ಅವಳ ಕೋಟಿನ ತೆರೆದುಕೊಂಡ ಜಾಗವನ್ನು ಎರಡು ಬೆರಳಲ್ಲಿ ಕೂಡಿಸಿ ಹಿಡಿದು, ಚೀಲದಿಂದ ಪಿನ್ನು ತೆಗೆದು ಚುಚ್ಚಿಕೊಟ್ಟಳು. ಕೆಟ್ಟ ಹೆಂಗಸಲ್ಲ. ಕೆಟ್ಟವಳಾಗಿದ್ದರೆ ಸರಸರಕ್ಕನಿಗೆ ಮನೆಯವರೆಗೆ ಬೈದುಕೊಂಡು ಹೋಗಲು ಒಂದು ಹೆಸರಾದರೂ ಸಿಗುತ್ತಿತ್ತು.

ಮನೆಗೆ ಬಂದು ಬೂಟು ಬಿಚ್ಚಿ, ಬೋಗುಣಿಯ ನೀರಿನಲ್ಲಿ ಕಾಲಿಟ್ಟು ಕೂತಳು. ಮಗಳು ಅಂಗಡಿಯಿಂದ ಓಡುತ್ತಲೇ ಬಂದಳು, ಹೊರಗಿನ ಹೆಜ್ಜೆ ಸದ್ದಿನಿಂದಲೇ ಅವಳ ಆತುರ ತಿಳಿಯುತ್ತಿತ್ತು.

"ಏನಂದ್ರಮ್ಮ?"

"ಒಪ್ಪಿದ್ರು."

ಮಗಳು ಕಿರುಚಿ, ನೀರು ಚೆಲ್ಲುವುದನ್ನೂ ನೋಡದೆ ಅವಳ ಕೊರಳು ತಬ್ಬಿಕೊಂಡಳು. ಸರಸರಕ್ಕ ಅವಳ ಬೆನ್ನು ತಟ್ಟಿದಳು. ಆಮೇಲೆ ಉಳಿದದ್ದನ್ನು ಹೇಳಿದಳು. ಬೋಟಿನಲ್ಲಿ ತೂಕಡಿಸಿದ್ದು, ಎದ್ದದ್ದು, ಬೀಗಿತ್ತಿಗೇ ಕಾಲೆತ್ತಿ ಎಂದದ್ದು. ಮಗಳ ತೋಳು ಸಡಿಲವಾಯಿತು. ಅವಳು ನೆಲದ ಮೇಲೆ ಕೂತಳು.

"ಮತ್ತೆ ಹೇಗೆ ಒಪ್ಪಿದ್ರು?"

"ಆಫೀಸು ಅಂತ ಹೇಳಿಸಿದ್ದು ನಾನೇ ಅಂದೆ. ನೀನು ಬೇಡ ಬೇಡ ಅಂತ ಅತ್ತಿದ್ದೆ, ನಾನೇ ಆಣೆ ಹಾಕಿಸ್ಕೊಂಡಿದ್ದೆ ಅಂತ. ಅವರು ಕೇಳಿದ್ರೆ ನೀನೂ ಹಾಗೇ ಹೇಳ್ಬೇಕು. ಮರೀಬೇಡ." ಸರಸರಕ್ಕ ಕಾಲು ಒರೆಸಿಕೊಂಡಳು. "ಮೇಲಿನ ಕೋಣೆ ಬೇಡ ಅಂತ ಮನೆಯೊಡೆಯನಿಗೆ ಹೇಳ್ಬೇಕು. ನೀನು ಅವರ ಊರಿಗೇ ಹೋಗ್ಬೇಕಂತೆ. ನಿನ್ನನ್ನ ನನ್ನ ಹತ್ರ ಬಿಡೋಕೆ ಅವರಿಗೆ ಮನಸ್ಸಿಲ್ಲ. ನಾನು ಸುಳ್ಳುಗಾತಿ ಅಲ್ವಾ."

ಮಗಳು ತಲೆ ತಗ್ಗಿಸಿದಳು. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾ ಹೋದರು. ಸರಸರಕ್ಕ ಕಾದಳು. ಇಲ್ಲಮ್ಮ, ಸುಳ್ಳು ಹೇಳಿದ್ದು ನಾನು, ನಾಳೆಯೇ ಹೋಗಿ ಅವರಿಗೆ ನಿಜ ಹೇಳಿಬರುತ್ತೇನೆ ಎಂದು ಮಗಳು ಈಗ ಹೇಳುತ್ತಾಳೆ. ಹೇಳಿದರೆ ಸಾಕು, ಹೋಗುವುದು ಬೇಡ. ಹುಚ್ಚಿ, ಸುಮ್ಮನಿರು, ನನಗೇನು ಎಂದು ಅವಳನ್ನು ತಡೆಯಲು ಮಾತುಗಳನ್ನೂ ಸಿದ್ಧಮಾಡಿಕೊಂಡು ಅವಳು ಕೂತಿದ್ದಳು.

ಮಗಳು ಕಣ್ಣೊರೆಸಿಕೊಂಡು, "ಸರಿ ಅಮ್ಮ, ಹಾಗೇ ಹೇಳ್ತೀನಿ" ಎಂದಳು.